ಊರಿಗೆ ಇನ್ನೊಂದು ಆ್ಯಪ್ ಬೇಡ, ಬ್ಯಾಟರಿ ತಿನ್ನದ ರೇಡಿಯೋ ಕೊಡಿಸಿ

ಪ್ರತಿ ಮಳೆಗಾಲಕ್ಕೆ ಬೆಂಗಳೂರಿನಲ್ಲಿ ಒಂದು ನೆರೆ ಆ್ಯಪ್ ಹುಟ್ಟುತ್ತದೆ. ಜುಲೈಯಲ್ಲಿ ಹ್ಯಾಕಥಾನ್, ಆಗಸ್ಟಿನಲ್ಲಿ ಲಿಂಕ್ಡ್‌ಇನ್ ಪೋಸ್ಟು, ನವರಾತ್ರಿ ಹೊತ್ತಿಗೆ ಸರ್ವರಿನ ಬಿಲ್ ಕಟ್ಟುವವರಿಲ್ಲದೆ ಕೈಲಾಸ. ಅದರಲ್ಲಿ ಮ್ಯಾಪ್ ಉಂಟು, ಕೆಂಪು ಬಟನ್ ಉಂಟು, 'ನಾನು ಕ್ಷೇಮ' ಅಂತ ಒತ್ತಲಿಕ್ಕೆ ಹಸಿರು ಬಟನ್ ಸಹ ಉಂಟು. ಬಟನ್ ಒತ್ತುವ ಹೊತ್ತಿಗೆ ಊರಲ್ಲಿ ಟವರ್ ಇರುವುದಿಲ್ಲ, ಅಷ್ಟೇ.

ನಾನೂ ಕೋಡ್ ಬರೆದೇ ಅನ್ನ ತಿನ್ನುವವ. ಹಾಗಾಗಿ ಇದು ತಂತ್ರಜ್ಞಾನ ಕಂಡರಾಗದವನ ಗೊಣಗಾಟ ಅಂತ ತಳ್ಳಿಹಾಕಬೇಡಿ. ನನ್ನ ವಾದ ಸಣ್ಣದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಿಮ್ಮೂರಿನ ಯುವಕ ಮಂಡಲಕ್ಕೋ ಸ್ಪೋರ್ಟ್ಸ್ ಕ್ಲಬ್ಬಿಗೋ ಏನಾದರೂ ಕೊಡಿಸುವ ಮನಸ್ಸು ನಿಮಗಿದ್ದರೆ, ಕೈಯಲ್ಲಿ ಹಿಡಿದು ಮಾತಾಡುವ ನಾಲ್ಕು ರೇಡಿಯೋ ಕೊಡಿಸಿ. ಮತ್ತು ಅದನ್ನು ಆರಿಸುವಾಗ ಎಷ್ಟು ವ್ಯಾಟ್ ಅಂತ ನೋಡಬೇಡಿ, ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಅಂತ ನೋಡಿ. ಈ ಎರಡನೇ ಮಾತಿನಲ್ಲೇ ಹೆಚ್ಚಿನವರು ಎಡವುವುದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು, ಟವರ್ ಯಾಕೆ ಇರುವುದಿಲ್ಲ ಅನ್ನುವುದನ್ನು ನೋಡುವಾ. 2019ರ ಆಗಸ್ಟ್ 9. ಬೆಳ್ತಂಗಡಿ ತಾಲೂಕಿನ ಮೇಲ್ಭಾಗದಲ್ಲಿ ಘಟ್ಟವೇ ಕಳಚಿ ಬಿದ್ದ ಹಾಗೆ ನೀರು ಬಂತು. ದಿಡುಪೆ, ಕುಕ್ಕಾವು, ಚಾರ್ಮಾಡಿ, ಮಲವಂತಿಗೆ, ಮಿತ್ತಬಾಗಿಲು ಎಲ್ಲ ಕಡೆ ಹೊಳೆ ದಾರಿ ತಪ್ಪಿ ತೋಟಕ್ಕೆ ನುಗ್ಗಿತು. ಚಾರ್ಮಾಡಿಯ ಕೊಳಂಬೆಯಲ್ಲಿ ಗದ್ದೆ, ತೋಟ, ಮನೆ ಅನ್ನುವ ಗುರುತಿಲ್ಲದೆ ಮರಳು ತುಂಬಿತು. ಸೇತುವೆ, ರಸ್ತೆ ಹೋಗಿ ನೆರಿಯದ ಬಾಂಜಾರುಮಲೆಯಂಥ ಜಾಗದ ಸಂಪರ್ಕ ಕಡಿದುಹೋಯಿತು. ಚಾರ್ಮಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತು.

ಆ ಹೊತ್ತಿನಲ್ಲಿ ನಾನು ವೈಟ್‌ಫೀಲ್ಡಿನ ಆಫೀಸಿನಲ್ಲಿ ಇದ್ದೆ. ಅಪ್ಪ, ಅಮ್ಮ ಊರಲ್ಲಿ. ಬೆಳಗ್ಗೆ ಹತ್ತು ಗಂಟೆಗೆ ಅಮ್ಮ "ಮಳೆ ಜೋರುಂಟು ಮಗ, ಆಮೇಲೆ ಮಾಡ್ತೇನೆ" ಅಂತ ಫೋನ್ ಇಟ್ಟವರು ಮತ್ತೆ ಸಿಕ್ಕಿದ್ದು ಮೂರನೇ ದಿನ. ಅಲ್ಲಿಯವರೆಗೆ ನನ್ನ ಎದುರು ಎರಡು ಮಾನಿಟರ್, ಕೈಯಲ್ಲಿ ಒಂದು ಫೋನ್, ಅರವತ್ತಮೂರು ಜನರ ವಾಟ್ಸ್ಯಾಪ್ ಗ್ರೂಪು. ಆ ಗ್ರೂಪಿನಲ್ಲಿ ಊರಲ್ಲಿದ್ದವ ಒಬ್ಬನೂ ಆನ್‌ಲೈನ್ ಇಲ್ಲ. ದುಬೈಯವರು ಬೆಂಗಳೂರಿನವರನ್ನು ಕೇಳುವುದು, ಬೆಂಗಳೂರಿನವರು ಮುಂಬಯಿಯವರನ್ನು ಕೇಳುವುದು. ಕೊನೆಗೆ ಸುದ್ದಿ ಬಂದದ್ದು ಹೇಗೆ? ನೆರೆಮನೆಯ ಹುಡುಗನೊಬ್ಬ ನಡೆದು, ಬೈಕ್ ಹತ್ತಿ, ಉಜಿರೆಯವರೆಗೆ ಬಂದು, ಸಿಗ್ನಲ್ ಸಿಕ್ಕಿದಲ್ಲಿ ನಿಂತು, ಚೀಟಿಯಲ್ಲಿ ಬರೆದುಕೊಂಡ ಹನ್ನೊಂದು ನಂಬರಿಗೆ ಒಂದೊಂದಾಗಿ ಫೋನ್ ಮಾಡಿದ. ಇಪ್ಪತ್ತೊಂದನೇ ಶತಮಾನದಲ್ಲಿ ನಮಗೆ ಒದಗಿದ್ದು ಓಲೆಕಾರ.

ಇದರಲ್ಲಿ ಯಾವ ಒಂದು ಕಂಪನಿಯನ್ನೂ ಬೈದು ಪ್ರಯೋಜನ ಇಲ್ಲ. ಟವರು ಬೀಳುವುದಕ್ಕೆ ಒಂದು ಕ್ರಮ ಉಂಟು. ಮೊದಲು ಮರ ಬಿದ್ದು ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಆಮೇಲೆ ಜನರೇಟರ್ ಇದ್ದರೆ ಡೀಸೆಲ್ ಬೇಕು, ಡೀಸೆಲ್ ತರುವ ಜೀಪಿಗೆ ರಸ್ತೆ ಬೇಕು. ರಸ್ತೆಯ ಬದಿಯಲ್ಲೇ ಹೂತ ಫೈಬರ್ ರಸ್ತೆಯ ಜೊತೆಗೇ ಕೊಚ್ಚಿಹೋಗಿರುತ್ತದೆ. ಅಂದರೆ ಫೋನು ಹೆಚ್ಚು ಬೇಕಾದ ಹೊತ್ತಿಗೇ ಅದು ಸಾಯುವ ಹಾಗೆ ಇಡೀ ವ್ಯವಸ್ಥೆ ಕಟ್ಟಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್, ಅದೂ ಒಂದಲ್ಲ, ಸಾಲಾಗಿ ನಾಲ್ಕು.

ಇದು ಬೆಳ್ತಂಗಡಿಗೆ ಮಾತ್ರ ಅಂತ ಅಲ್ಲ. ಕೆಳಗೆ ಬಂಟ್ವಾಳದಲ್ಲಿ ನೇತ್ರಾವತಿ ಎಂಟೂವರೆ ಮೀಟರ್ ಮುಟ್ಟಿದರೆ ಅಪಾಯದ ಮಟ್ಟ. ಪಾಣೆಮಂಗಳೂರು, ಗೂಡಿನಬಳಿ, ಆಲಡ್ಕದವರಿಗೆ ಆ ಲೆಕ್ಕ ಬಾಯಿಪಾಠ. 1923ರ ನೆರೆಯನ್ನು 'ಮಾರಿ ಬೊಳ್ಳ' ಅಂತ ಅಜ್ಜಂದಿರು ಹೇಳುತ್ತಿದ್ದರು, 1974ರದ್ದನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ಮೂಡುಬಿದಿರೆ ಕಡೆ ದೊಡ್ಡ ಹೊಳೆಯ ಕಾಟ ಕಡಿಮೆ ಇರಬಹುದು, ಆದರೆ ಗಾಳಿಗೆ ಮರ ಬಿದ್ದು ಎರಡು ದಿನ ಕತ್ತಲೆಯಲ್ಲಿ ಕೂರುವುದು ಅಲ್ಲಿಯ ಒಳ ಊರುಗಳಿಗೂ ಹೊಸತಲ್ಲ. ಮೇಲಿನ ಊರಲ್ಲಿ ನೀರು ಏರಿದ ಸುದ್ದಿ ಕೆಳಗಿನ ಊರಿಗೆ ಒಂದು ಗಂಟೆ ಮೊದಲು ಸಿಕ್ಕಿದರೆ ದನ ಬಿಚ್ಚಬಹುದು, ಮುದುಕರನ್ನು ಗುಡ್ಡೆ ಹತ್ತಿಸಬಹುದು. ಆ ಒಂದು ಗಂಟೆಗಾಗಿಯೇ ಈ ಲೇಖನ.

ಇಷ್ಟು ಹೇಳಿದ ಮೇಲೆ 'ಹಾಗಾದರೆ ವಾಕಿಟಾಕಿ ತಗೊಳ್ಳುವಾ' ಅಂತ ಎಲ್ಲರೂ ಒಪ್ಪುತ್ತಾರೆ. ಜಗಳ ಶುರುವಾಗುವುದು ಯಾವುದು ಅನ್ನುವಲ್ಲಿ. ಕಳೆದ ವರ್ಷ ನಮ್ಮೂರಿನ ಹುಡುಗರು ಕೇಳಿದರು: "ಅಣ್ಣಾ, ಎಂಟು ವ್ಯಾಟಿಂದು ಉಂಟಂತೆ, ಡಿಸ್‌ಪ್ಲೇ ಉಂಟು, ಟಾರ್ಚ್ ಉಂಟು, ಹದಿನೈದು ಕಿಲೋಮೀಟರ್ ಹೋಗ್ತದಂತೆ. ಲೀಗಲ್‌ದಕ್ಕಿಂತ ರೇಟೂ ಕಡಿಮೆ. ತರಿಸುವುದಾ?"

ಬೇಡ ಮಾರಾಯ, ತರಿಸಬೇಡ. ಯಾಕೆ ಅಂತ ಹೇಳಲಿಕ್ಕೆ ನಾನು ಅವರಿಗೆ ಗ್ಲೈಡರಿನ ಕತೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ನಮ್ಮ ದೇಶದಲ್ಲಿ ಪುಣೆಯ ಹಡಪ್ಸರದಲ್ಲಿ ಸರಕಾರದ್ದೇ ಗ್ಲೈಡಿಂಗ್ ಸೆಂಟರ್ ಉಂಟು. ಯುರೋಪಿನಲ್ಲಿ ಸಣ್ಣ ಸಣ್ಣ ಊರುಗಳಲ್ಲೂ ಗ್ಲೈಡರ್ ಕ್ಲಬ್ಬುಗಳುಂಟು. ಹತ್ತಿಪ್ಪತ್ತು ಜನ ಸೇರಿ ಒಂದು ಗ್ಲೈಡರ್ ಇಟ್ಟುಕೊಳ್ಳುವುದು, ಸರದಿಯಲ್ಲಿ ಹಾರುವುದು, ನಮ್ಮಲ್ಲಿ ಮಂಡಲದ ಶಾಮಿಯಾನ, ಕುರ್ಚಿ ಇದ್ದ ಹಾಗೆ. ಎಂಜಿನ್ ಇಲ್ಲ ಅಂದ ಮೇಲೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರೂ ಇಲ್ಲ. ಬೆಳಗ್ಗೆ ಎಷ್ಟು ತುಂಬಿಸಿಕೊಂಡು ಮೇಲೆ ಹೋದರೋ ಅಷ್ಟೇ. ಹೆಚ್ಚಿನ ಕಡೆ ಅದು 12 ವೋಲ್ಟಿನ, 7 ಆಂಪಿಯರ್-ಅವರಿನ ಬ್ಯಾಟರಿ. ಗೊತ್ತಾಯಿತಲ್ಲ? ನಿಮ್ಮ ಹಳೆ ಕಂಪ್ಯೂಟರಿನ ಯುಪಿಎಸ್ ಒಳಗೆ ಕೂತಿರುವ ಕಪ್ಪು ಇಟ್ಟಿಗೆಯೇ ಅದು. ಅದರಲ್ಲೇ ರೇಡಿಯೋ ನಡೆಯಬೇಕು, ಗಾಳಿ ಏರುವುದನ್ನು ತೋರಿಸುವ ಮೀಟರ್ ನಡೆಯಬೇಕು, ಬೇರೆ ಗ್ಲೈಡರ್ ಹತ್ತಿರ ಬಂದರೆ ಎಚ್ಚರಿಸುವ ಯಂತ್ರ ನಡೆಯಬೇಕು. ಆರೇಳು ಗಂಟೆ ಹಾರಿ ಇಳಿಯುವ ಹೊತ್ತಿಗೆ, ಅಂದರೆ ರೇಡಿಯೋ ಹೆಚ್ಚು ಬೇಕಾದ ಹೊತ್ತಿಗೆ, ಬ್ಯಾಟರಿ ಕಡಿಮೆ.

ಹಾಗಾಗಿ ಗ್ಲೈಡರಿನವ ರೇಡಿಯೋ ಕೊಳ್ಳುವಾಗ ಮೊದಲು ಕೇಳುವುದು 'ಇದು ಎಷ್ಟು ದೂರ ಹೋಗ್ತದೆ' ಅಂತಲ್ಲ. 'ಇದು ಸುಮ್ಮನೆ ಕೂತಾಗ ಎಷ್ಟು ತಿನ್ನುತ್ತದೆ?' ಅಂತ. ರೇಡಿಯೋ ಮಾತಾಡುವುದು ಕೆಲವು ನಿಮಿಷ, ಕಿವಿ ತೆರೆದು ಕೂತಿರುವುದು ಇಡೀ ದಿನ. ಆ ಸುಮ್ಮನೆ ಕೂತ ಹೊತ್ತಿನ ಖರ್ಚೇ ದೊಡ್ಡ ಖರ್ಚು. ನಮ್ಮ ಮನೆಗಳಲ್ಲಿ ಬಾವಿಯ ಪಂಪಿಗಿಂತ ರಾತ್ರಿಯಿಡೀ ಸೋರುವ ನಲ್ಲಿಯಿಂದಲೇ ಟ್ಯಾಂಕಿ ಖಾಲಿಯಾಗುತ್ತದಲ್ಲ, ಹಾಗೆ.

ಒಂದು ಲೆಕ್ಕ ಮಾಡುವಾ. ಜೀಪಿಗೆ ಕೂರಿಸುವಂಥ ದೊಡ್ಡ ರೇಡಿಯೋ ಸುಮ್ಮನೆ ಕೇಳುತ್ತ ಕೂತರೆ ಸುಮಾರು 0.4 ಆಂಪಿಯರ್ ಎಳೆಯುತ್ತದೆ ಅನ್ನಿ. 7 ಆಂಪಿಯರ್-ಅವರಿನ ಬ್ಯಾಟರಿಗೆ ಅದು ಹದಿನೇಳು ಗಂಟೆಯ ಊಟ, ಒಂದು ಶಬ್ದವನ್ನೂ ಆಡದೆ. 0.1 ಆಂಪಿಯರ್ ಎಳೆಯುವ ಸಣ್ಣ ರೇಡಿಯೋ ಅದೇ ಬ್ಯಾಟರಿಯಲ್ಲಿ ಎಪ್ಪತ್ತು ಗಂಟೆ ಕೂರುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು, ಹಾಗಾಗಿ ನಿಜದಲ್ಲಿ ಎರಡೂ ಕಡಿಮೆಯೇ. ಆದರೆ ಅನುಪಾತ ಬದಲಾಗುವುದಿಲ್ಲ: ಒಂದು ಮೊದಲ ರಾತ್ರಿಯೇ ಸಾಯುತ್ತದೆ, ಇನ್ನೊಂದು ಎರಡನೇ ದಿನವೂ ಜೀವ ಹಿಡಿದಿರುತ್ತದೆ. ನಮ್ಮ ಕಡೆ ಸಹಾಯ ಬರುವುದೂ ಎರಡನೇ ದಿನವೇ.

ಕೈಯಲ್ಲಿ ಹಿಡಿಯುವ ಸೆಟ್ಟಿಗೂ ಇದೇ ಲೆಕ್ಕ. ಬ್ಯಾಟರಿ ಇಷ್ಟು ಗಂಟೆ ಬರುತ್ತದೆ ಅಂತ ಕಂಪನಿಯವರು ಹೇಳುವುದಕ್ಕೆ ಒಂದು ರೂಢಿಯ ಸೂತ್ರ ಉಂಟು: ನೂರರಲ್ಲಿ 5 ಪಾಲು ಮಾತಾಡುವುದು, 5 ಪಾಲು ಕೇಳುವುದು, 90 ಪಾಲು ಸುಮ್ಮನಿರುವುದು. 1500 ಮಿಲಿ ಆಂಪಿಯರ್-ಅವರ್ ಬ್ಯಾಟರಿಯ ಸೆಟ್ಟು ಅನ್ನಿ. ಮಾತಾಡುವಾಗ 5 ವ್ಯಾಟಿಗೆ ಒಂದೂವರೆ ಆಂಪಿಯರ್, ಅರ್ಧ ವ್ಯಾಟಿಗೆ ಅರ್ಧ ಆಂಪಿಯರ್. ಕೇಳುವಾಗ 200 ಮಿಲಿ ಆಂಪಿಯರ್, ಸುಮ್ಮನಿರುವಾಗ 40 ಅಂತ ಇಟ್ಟುಕೊಳ್ಳಿ. ಕೂಡಿಸಿ ನೋಡಿದರೆ 5 ವ್ಯಾಟಿನಲ್ಲಿ ಅದು ಹನ್ನೆರಡು ಗಂಟೆ ಬರುತ್ತದೆ. ಅರ್ಧ ವ್ಯಾಟಿಗೆ ಇಳಿಸಿದರೆ ಇಪ್ಪತ್ತೊಂದು ಗಂಟೆ. ಸುಮ್ಮನಿರುವ ಖರ್ಚು 40ರ ಬದಲು 20 ಇರುವ ಸೆಟ್ಟನ್ನೇ ಆರಿಸಿದರೆ ಇಪ್ಪತ್ತೆಂಟು ಗಂಟೆ. ಬ್ಯಾಟರಿ ಅದೇ, ದುಡ್ಡು ಹೆಚ್ಚುಕಡಿಮೆ ಅಷ್ಟೇ, ಹದಿನಾರು ಗಂಟೆ ಲಾಭ. ಮಂಡಲದ ಖಜಾಂಚಿಗೆ ಅರ್ಥವಾಗುವ ಲೆಕ್ಕ ಇದು, ಇದಕ್ಕೆ ಬಿಇ ಬೇಡ.

'ಆದರೆ ಕಮ್ಮಿ ವ್ಯಾಟಿನದ್ದು ದೂರ ಹೋಗ್ಲಿಕ್ಕಿಲ್ಲ' ಅನ್ನುತ್ತೀರಿ. ಇದೇ ಆ ಆನ್‌ಲೈನ್ ಜಾಹೀರಾತುಗಳು ಬಿತ್ತಿದ ಮೂಢನಂಬಿಕೆ. ಬಟಾಬಯಲಿನಲ್ಲಿ ಸಹ ಶಕ್ತಿಯನ್ನು ಹತ್ತು ಪಟ್ಟು ಮಾಡಿದರೆ ದೂರ ಹತ್ತು ಪಟ್ಟಾಗುವುದಿಲ್ಲ, ಹೆಚ್ಚೆಂದರೆ ಮೂರು ಪಟ್ಟು. ಮತ್ತು ನಮ್ಮದು ಬಯಲಲ್ಲ. ಬೈಲು, ಮಜಲು, ಗುಡ್ಡೆ, ಮತ್ತೆ ಬೈಲು. ಈ ರೇಡಿಯೋಗಳ ತರಂಗ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ. ನಡುವೆ ಮುರಕಲ್ಲಿನ ಗುಡ್ಡೆ ಅಡ್ಡ ಬಂದರೆ ಅರ್ಧ ವ್ಯಾಟೂ ನಿಲ್ಲುತ್ತದೆ, ಎಂಟು ವ್ಯಾಟೂ ನಿಲ್ಲುತ್ತದೆ. ಒದ್ದೆ ಅಡಿಕೆ ತೋಟ, ರಬ್ಬರ್ ತೋಟ ಅದನ್ನು ಇನ್ನಷ್ಟು ಕುಡಿಯುತ್ತವೆ.

ಗುಡ್ಡೆಗೆ ಉತ್ತರ ವ್ಯಾಟ್ ಅಲ್ಲ, ಗುಡ್ಡೆಯೇ. ನೆಲದ ಮೇಲೆ ನಿಂತವನ ಕೈಯ ರೇಡಿಯೋಗೆ ಭೂಮಿಯ ಬಾಗು ಅಡ್ಡ ಬರುವುದು ಸುಮಾರು 5 ಕಿಲೋಮೀಟರಿಗೆ. 100 ಮೀಟರ್ ಎತ್ತರದ ಗುಡ್ಡೆಯ ತುದಿಯಲ್ಲಿ ನಿಂತರೆ ಅದೇ ದಿಗಂತ 40 ಕಿಲೋಮೀಟರ್ ಆಚೆಗೆ ಹೋಗುತ್ತದೆ. ಸಣ್ಣ ಸೆಟ್ಟು ಅಷ್ಟು ದೂರ ಮುಟ್ಟಲಿಕ್ಕಿಲ್ಲ, ಆದರೆ ಈಚೆ ಬೈಲಿನ ಮಾತನ್ನು ಕೇಳಿ ಆಚೆ ಬೈಲಿಗೆ ದಾಟಿಸಲಿಕ್ಕೆ ಧಾರಾಳ ಸಾಕು. ಕಾರಿಂಜದ ಬೆಟ್ಟ ಹತ್ತಿದವರಿಗೆ, ಮೂಡುಬಿದಿರೆಯ ಕೊಣಾಜೆ ಕಲ್ಲು ಹತ್ತಿದವರಿಗೆ ನಾನು ಹೇಳುವುದು ಕೂಡಲೇ ಗೊತ್ತಾಗುತ್ತದೆ: ಅಲ್ಲಿಂದ ಕಾಣುವಷ್ಟು ಊರು ಕೆಳಗಿನ ಯಾವ ಪೇಟೆಯಿಂದಲೂ ಕಾಣುವುದಿಲ್ಲ. ಪ್ರತಿ ಊರಲ್ಲೂ ಅಂಥದ್ದೊಂದು ಸಣ್ಣ ಗುಡ್ಡೆ ಉಂಟು, ಅದರ ತಲೆಯಲ್ಲಿ ಒಂದು ಭಜನಾ ಮಂದಿರವೋ ಶಾಲೆಯೋ ನೀರಿನ ಟ್ಯಾಂಕಿಯೋ ಉಂಟು. ನಾಲ್ಕು ರೇಡಿಯೋದಲ್ಲಿ ಒಂದು ಅಲ್ಲಿ ಕೂರಬೇಕು. ಇವನು ಹೇಳಿದ್ದನ್ನು ಅವನಿಗೆ ಹೇಳುವ ಒಬ್ಬ ಮನುಷ್ಯ. ಎಂಜಿನಿಯರುಗಳು ಇದಕ್ಕೆ ರಿಪೀಟರ್ ಅನ್ನುತ್ತಾರೆ, ಲಕ್ಷಗಟ್ಟಲೆ ಖರ್ಚು ಮಾಡುತ್ತಾರೆ. ನಮ್ಮ ರಿಪೀಟರಿಗೆ ಒಂದು ಫ್ಲಾಸ್ಕ್ ಚಹಾ, ಒಂದು ಕೊಡೆ ಸಾಕು.

ಇನ್ನು ಕಾನೂನು. ಇಲ್ಲಿ ನಗರದ ನಮ್ಮಂಥವರು ತುಂಬ ಹಗುರವಾಗಿ ಮಾತಾಡುತ್ತೇವೆ. 'ಯಾರು ನೋಡ್ತಾರೆ ಬಿಡಿ' ಅಂತ. ಸಿಕ್ಕಿದ ಫ್ರೀಕ್ವೆನ್ಸಿಗೆ ತಿರುಗಿಸಬಹುದಾದ ಸೆಟ್ಟುಗಳು ಪೋಲೀಸ್, ಹ್ಯಾಮ್, ಯಾರದ್ದೆಂದರೆ ಅವರ ಚಾನೆಲ್ಲಿನ ಮೇಲೆ ಹೋಗಿ ಕೂರುತ್ತವೆ. ಲೈಸೆನ್ಸ್ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದೇ ತಪ್ಪು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ವಾಕಿಟಾಕಿ ಮಾರಿದ್ದಕ್ಕೆ 13 ಇ-ಕಾಮರ್ಸ್ ಕಂಪನಿಗಳಿಗೆ ನೋಟಿಸ್ ಕೊಟ್ಟಿತು. ಕಂಪನಿಗೆ ನೋಟಿಸ್ ಬಂದರೆ ವಕೀಲರು ನೋಡಿಕೊಳ್ಳುತ್ತಾರೆ. ಘಟ್ಟದ ಬುಡದ, ನಕ್ಸಲ್ ಕೂಂಬಿಂಗ್ ಕಂಡ ಕಾಡಂಚಿನ ಊರಲ್ಲಿ, ಡಿಪ್ಲೊಮಾ ಓದುವ ಹುಡುಗನ ಕೈಯಲ್ಲಿ ಅಕ್ರಮ ರೇಡಿಯೋ ಸಿಕ್ಕಿದರೆ ಅವನಿಗೆ ಯಾರು ವಕೀಲರು? ಲಿಂಕ್ ಕಳಿಸಿದ ನೀವಾ?

ಲೈಸೆನ್ಸೇ ಬೇಡದ ದಾರಿ ಸರಕಾರವೇ 2018ರಲ್ಲಿ ತೆರೆದಿಟ್ಟಿದೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಮಾತ್ರ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್ಟುಗಳನ್ನು ಯಾರು ಬೇಕಾದರೂ ಬಳಸಬಹುದು. ಆ ಮಾಡೆಲ್ಲಿಗೆ ದೂರಸಂಪರ್ಕ ಇಲಾಖೆಯ ಸಲಕರಣೆ ಅನುಮೋದನೆ, ಅಂದರೆ ಇಟಿಎ ಸರ್ಟಿಫಿಕೇಟ್ ಇರಬೇಕು. ಅಂಗಡಿಯವನ ಹತ್ತಿರ ಅದರ ನಂಬರ್ ಕೇಳಿ. ತಡಬಡಾಯಿಸಿದರೆ ಮುಂದಿನ ಅಂಗಡಿಗೆ ಹೋಗಿ. ತಮಾಷೆ ನೋಡಿ: ಕಾನೂನು ಶಕ್ತಿ ಕಡಿಮೆ ಇರಲಿ ಅನ್ನುತ್ತದೆ, ಬ್ಯಾಟರಿಯೂ ಅದನ್ನೇ ಅನ್ನುತ್ತದೆ. ಜಾಸ್ತಿ ಬೇಕು ಅನ್ನುವುದು ಜಾಹೀರಾತು ಮಾತ್ರ.

ಹಾಗಾದರೆ ಅಂಗಡಿಯಲ್ಲಿ ನಿಂತು ಕೇಳಬೇಕಾದ್ದು ಏನು?

ಒಂದು, ಸುಮ್ಮನಿರುವಾಗಿನ ಖರ್ಚು ಎಷ್ಟು, ಬ್ಯಾಟರಿ ಉಳಿಸುವ ಮೋಡ್ ಉಂಟಾ. ಬಣ್ಣದ ಡಿಸ್‌ಪ್ಲೇ, ಎಫ್‌ಎಂ ಹಾಡು, ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಚಾನೆಲ್ ನಂಬರ್ ಹೇಳುವ ಅಕ್ಕ, ಇವೆಲ್ಲ ಆಫ್ ಮಾಡಲಿಕ್ಕೆ ಬರುತ್ತದಾ.

ಎರಡು, ಸೆಲ್ಲು ಯಾವುದು. ಆ ಕಂಪನಿಯದ್ದೇ ವಿಚಿತ್ರ ಆಕಾರದ ಬ್ಯಾಟರಿ ಮಾತ್ರ ಹಿಡಿಯುವ ಸೆಟ್ಟು ಮೂರು ವರ್ಷದಲ್ಲಿ ಆಟಿಕೆ. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ ಸೆಲ್ ಹಾಕಿಯೂ ನಡೆಯುವಂಥದ್ದು ಸಿಕ್ಕಿದರೆ ಕಣ್ಣು ಮುಚ್ಚಿ ತಗೊಳ್ಳಿ, ಯಾಕೆಂದರೆ ಅದು ಗುರುವಾಯನಕೆರೆಯ ಗೂಡಂಗಡಿಯಲ್ಲೂ ಸಿಗುತ್ತದೆ. ಇಲ್ಲದಿದ್ದರೆ ಫೋನಿನ ಯುಎಸ್‌ಬಿ ಚಾರ್ಜರಿನಲ್ಲೇ ಚಾರ್ಜ್ ಆಗುವಂಥದ್ದು. ಆಗ ಜೀಪು, ಕಾರು, ಪವರ್ ಬ್ಯಾಂಕ್ ಎಲ್ಲವೂ ಅದಕ್ಕೆ ಹಾಲೂಡಿಸಬಹುದು. ಮನೆಯಲ್ಲಿ ಸೋಲಾರ್ ಉಂಟು ಅಂತ ನೆಚ್ಚಬೇಡಿ. ಆಟಿ ತಿಂಗಳ ಮೋಡದ ಕೆಳಗೆ, ತೆಂಗಿನ ನೆರಳಲ್ಲಿ, ಸೋಲಾರ್ ಪ್ಯಾನೆಲ್ ಹಪ್ಪಳ ಒಣಗಿಸಲಿಕ್ಕೂ ಆಗುವುದಿಲ್ಲ.

ಮೂರು, ವೋಲ್ಟೇಜ್ ಇಳಿದಾಗ ಹೇಗೆ ನಡೆದುಕೊಳ್ಳುತ್ತದೆ. ಹಳೆ ಬ್ಯಾಟರಿಯ ಮೋಸ ಇಲ್ಲಿ. ಸುಮ್ಮನಿದ್ದಾಗ ಮೀಟರಿನಲ್ಲಿ ಪೂರ್ತಿ ತೋರಿಸುತ್ತದೆ, ಮಾತಾಡುವ ಬಟನ್ ಒತ್ತಿದ ಕೂಡಲೇ ಕುಸಿಯುತ್ತದೆ. ಅಂದರೆ ಬೇರೆಯವರು ನಿಮ್ಮನ್ನು ಕರೆಯುವುದು ಕೇಳುತ್ತದೆ, ನೀವು ಓಗೊಟ್ಟದ್ದು ಅವರಿಗೆ ಕೇಳುವುದಿಲ್ಲ. ನೆರೆಯ ನಡುವೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಹಾಗಾಗಿ ಬ್ಯಾಟರಿಯನ್ನು ಸುಮ್ಮನೆ ನೋಡಬೇಡಿ, ಬಟನ್ ಒತ್ತಿ ಅರ್ಧ ನಿಮಿಷ ಮಾತಾಡಿ ನೋಡಿ.

ನಾಲ್ಕು, ಒದ್ದೆಯಾದರೆ ಏನಾಗುತ್ತದೆ. ನಮ್ಮೂರಲ್ಲಿ ಮಳೆಗಾಲ ಅಂದರೆ ಚರ್ಮದ ಚಪ್ಪಲಿಗೂ ಬೂಸಲು. ಐಪಿ ನಂಬರ್ ಎಷ್ಟು ಅಂತ ಬಾಕ್ಸಿನ ಮೇಲೆ ನೋಡಿ.

ದೂರ ಎಷ್ಟು, ವ್ಯಾಟ್ ಎಷ್ಟು ಅನ್ನುವುದು ಈ ನಾಲ್ಕರಲ್ಲಿ ಇಲ್ಲ.

ಈಗ ನಿಮ್ಮ ತಲೆಯಲ್ಲಿ ಕೂತಿರುವ ಪ್ರಶ್ನೆಗಳಿಗೆ ಬರುವಾ. 'ಸ್ಯಾಟಲೈಟ್ ಇಂಟರ್‌ನೆಟ್ ಬರ್ತದಲ್ಲ, ಮತ್ತೆ ಈ ಹಳೆ ಡಬ್ಬ ಯಾಕೆ?' ಬರಲಿ, ಸಂತೋಷ. ಅದರ ತಟ್ಟೆ ಸುಮಾರು 60-70 ವ್ಯಾಟ್ ತಿನ್ನುತ್ತದೆ. ನಮ್ಮ ಕಪ್ಪು ಇಟ್ಟಿಗೆಯಲ್ಲಿ ಇರುವುದು 12 ಗುಣಿಸು 7, ಅಂದರೆ 84 ವ್ಯಾಟ್-ಅವರ್. ಒಂದು ಗಂಟೆ ಯೂಟ್ಯೂಬ್ ನೋಡಿ ಮಲಗಬಹುದು. 'ಫೋನಿಗೆ ಈಗ ಸರಕಾರದ ಎಚ್ಚರಿಕೆ ಸೈರನ್ ಬರ್ತದಲ್ಲ?' ಬರುತ್ತದೆ, ಟವರ್ ಇರುವವರೆಗೆ. ಅದೂ ಒಮ್ಮುಖ, ಸರಕಾರ ನಿಮಗೆ ಹೇಳುತ್ತದೆ, ನೀವು ಸರಕಾರಕ್ಕೆ ಹೇಳಲಿಕ್ಕಾಗುವುದಿಲ್ಲ. ಒಮ್ಮುಖದ ಸುದ್ದಿಯೇ ಸಾಕು ಅಂತಾದರೆ ಮನೆಗೊಂದು ಸೆಲ್ ಹಾಕುವ ರೇಡಿಯೋ ಇರಲಿ. ಆಕಾಶವಾಣಿ ಮಂಗಳೂರು 100.3ರಲ್ಲಿ ಉಂಟು. ಮೊಬೈಲಿನಲ್ಲಿರುವ ಎಫ್‌ಎಂ ಅನ್ನು ಮುಚ್ಚಬೇಡಿ ಅಂತ ಕೇಂದ್ರ ಸರಕಾರ 2023ರ ಏಪ್ರಿಲಿನಲ್ಲಿ ಫೋನ್ ತಯಾರಕರಿಗೆ ಹೇಳಬೇಕಾಗಿ ಬಂದದ್ದೂ ಈ ಕಾರಣಕ್ಕೇ.

'ಹ್ಯಾಮ್ ರೇಡಿಯೋ?' ಇದು ಒಳ್ಳೆ ಪ್ರಶ್ನೆ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅನ್ನುವ ಹ್ಯಾಮ್ ಪೋರ್ಟ್ ಬ್ಲೇರಿನಲ್ಲಿದ್ದರು, ಹವ್ಯಾಸದ ಕಾರ್ಯಕ್ರಮಕ್ಕೆ ಹೋದವರು. ಟೆಲಿಫೋನ್ ಎಲ್ಲ ಸತ್ತಾಗ ದ್ವೀಪದ ಸುದ್ದಿ ಹೊರಗೆ ದಾಟಿಸಿದ್ದು ಅವರ ರೇಡಿಯೋ. ಅಂಥ ಕೆಲಸ ನಮ್ಮ 446ರ ಸೆಟ್ಟಿನಿಂದ ಆಗುವುದಿಲ್ಲ, ಅದು ಒಂದೆರಡು ಬೈಲಿನ ಮಟ್ಟಕ್ಕೆ. ತಾಲೂಕಿನಿಂದ ತಾಲೂಕಿಗೆ ಮಾತು ದಾಟಬೇಕಾದರೆ ಹ್ಯಾಮ್ ಬೇಕು, ಅದಕ್ಕೆ ಪರೀಕ್ಷೆ ಬರೆದು ಲೈಸೆನ್ಸ್ ತಗೊಳ್ಳಬೇಕು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದಾದ ಪರೀಕ್ಷೆ ಅದು: ರೇಡಿಯೋದ ಪ್ರಾಥಮಿಕ ಪಾಠ, ಮತ್ತೆ ನಿಯಮಗಳು. ಮೊದಲ ದರ್ಜೆಗೆ ಮೋರ್ಸ್ ಕೋಡ್ ಸಹ ಬೇಡ. ಮಂಗಳೂರಿನಲ್ಲಿ ಹ್ಯಾಮ್‌ಗಳ ಕ್ಲಬ್ಬೇ ಉಂಟು. ಉಜಿರೆ, ಮೂಡುಬಿದಿರೆಯಲ್ಲಿ ಕಾಲೇಜು ಓದುವ ಸಾವಿರಾರು ಮಕ್ಕಳಲ್ಲಿ ಊರಿಗಿಬ್ಬರು ಬರೆದರೆ ಸಾಕಲ್ಲ? ನಾಲ್ಕು ಸರ್ಟಿಫಿಕೇಟ್ ಕೋರ್ಸು ಮಾಡಿ ರೆಸ್ಯೂಮೆ ತುಂಬಿಸುವವರಿಗೆ ಇದೊಂದು ಭಾರವಾ?

ಕೊನೆಯ ಮಾತು, ಮತ್ತು ಇದು ನಿಮಗೆ, ಅಂದರೆ ದುಡ್ಡು ಕೊಡುವವರಿಗೆ. ರೇಡಿಯೋ ಕೊಡಿಸಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆದು ಬಂದರೆ ನಿಮ್ಮ ಕೆಲಸ ಅರ್ಧವೂ ಆಗಿಲ್ಲ. ಎಲ್ಲರದ್ದೂ ಆದ ವಸ್ತು ಯಾರದ್ದೂ ಅಲ್ಲ. ಮಂಡಲದ ಕಪಾಟಿನಲ್ಲಿ ಕ್ಯಾರಂ ಬೋರ್ಡಿನ ಅಡಿಯಲ್ಲಿ ಬಿದ್ದ ಬ್ಯಾಟರಿ ವರ್ಷದೊಳಗೆ ತಾನೇ ಸಾಯುತ್ತದೆ. ಗ್ಲೈಡರ್ ಕ್ಲಬ್ಬಿನಲ್ಲಿ ಸಂಜೆ ವಿಮಾನ ಒಳಗೆ ತಳ್ಳಿದ ಮೇಲೆ ಬ್ಯಾಟರಿ ಕಳಚಿ ಚಾರ್ಜಿಗೆ ಇಡುವುದು ಹಾರಾಟದ್ದೇ ಒಂದು ಭಾಗ. ನಮಗೂ ಅಂಥದ್ದೊಂದು ಕಟ್ಟಲೆ ಬೇಕು, ಮತ್ತು ಅದಕ್ಕೆ ಹೊಸ ಕ್ಯಾಲೆಂಡರ್ ಬೇಡ. ಪ್ರತಿ ಸಂಕ್ರಾಂತಿಗೆ ಭಜನೆ ಉಂಟಲ್ಲ, ಅಂದು ನಾಲ್ಕೂ ಸೆಟ್ಟು ಚಾರ್ಜಿಗೆ ಇಡಿ, ಗುಡ್ಡೆಗೊಬ್ಬನನ್ನು ಕಳಿಸಿ ಐದು ನಿಮಿಷ ಮಾತಾಡಿ. ಮತ್ತೆ ಪತ್ತನಾಜೆ. ಮೇ ತಿಂಗಳ ಕೊನೆಗೆ ಬರುವ ಆ ದಿನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ, ನೇಮ ನಿಲ್ಲುತ್ತವೆ, ಇನ್ನು ಮಳೆ ಅಂತ ಊರು ಸಿದ್ಧವಾಗುತ್ತದೆ. ಅಂದು ಹಳೆ ಬ್ಯಾಟರಿ ತೆಗೆದು ಹೊಸತು ಹಾಕಿ. ಆ ಬ್ಯಾಟರಿಯ ದುಡ್ಡು ಪ್ರತಿ ವರ್ಷ ಕಳಿಸುವುದು ನಿಮ್ಮ ಕೆಲಸ. ಇಂದಿರಾನಗರದಲ್ಲಿ ನಾಲ್ಕು ಜನ ಶನಿವಾರ ರಾತ್ರಿ ಊಟ ಮಾಡಿದ ಬಿಲ್ಲಿಗಿಂತ ಅದು ಕಡಿಮೆ.

ಒಂದು ಸರಿಯಾದ ರೇಡಿಯೋ ನಿಮ್ಮ ಹಳೆ ಫೋನಿಗಿಂತ ಅಗ್ಗ, ನಿಮ್ಮ ಆ್ಯಪಿಗಿಂತ ಹೆಚ್ಚು ವರ್ಷ ಬಾಳುತ್ತದೆ. ಅದರ ಬಗ್ಗೆ ಪೋಸ್ಟ್ ಹಾಕಿದರೆ ಲೈಕ್ ಬೀಳುವುದಿಲ್ಲ, ಪ್ರೊಮೋಶನ್ನಿಗೂ ಪ್ರಯೋಜನ ಇಲ್ಲ. ಅದು ಮಾಡುವುದು ಒಂದೇ ಕೆಲಸ: ಕರೆಂಟ್ ಹೋಗಿ ಎರಡನೇ ರಾತ್ರಿ, ಮೇಲಿನ ಬೈಲಿನಿಂದ ಒಬ್ಬ "ನೀರು ಏರ್ತಾ ಉಂಟು, ಅಜ್ಜನನ್ನು ಕರ್ಕೊಂಡು ಮೇಲೆ ಹೋಗಿ" ಅಂದರೆ, ಕೆಳಗಿನ ಬೈಲಿನವನಿಗೆ ಅದು ಕೇಳುತ್ತದೆ. ಈ ಸಲದ ಪತ್ತನಾಜೆಗೆ ಮೊದಲು ನಿಮ್ಮೂರಿನ ಖಜಾಂಚಿಗೆ ಒಂದು ಫೋನ್ ಮಾಡಿ. ಇವತ್ತೇ ಮಾಡಿ, ಟವರ್ ಇರುವಾಗಲೇ.